ಶಾಲೆಯಲ್ಲಿ ‘ಹೆಲ್ತ್ ಕೇರ್’ ಓದುವುದು ಹೇಗೆ: ಮಲೆನಾಡಿನ ಮಕ್ಕಳಿಗೊಂದು ಸಮಗ್ರ ಮಾರ್ಗದರ್ಶಿ

ಜೂನ್ ತಿಂಗಳು. ಮಳೆ ಹಿಡಿದಿರುತ್ತದೆ, ಒಂಬತ್ತನೇ ತರಗತಿಯ ಬಾಗಿಲ ಬಳಿ ಕೊಡೆಗಳು ಸಾಲಾಗಿ ನೀರು ಸೋರಿಸುತ್ತಿರುತ್ತವೆ. ಒಬ್ಬರು ತಂದೆ ಒದ್ದೆ ಚಪ್ಪಲಿ ಹೊರಗೆ ಬಿಟ್ಟು ಬಂದು ಕೇಳುತ್ತಾರೆ: “ಮೇಡಂ, ಹಿಂದಿ ಬಿಡಿಸಿ ಈ ಹೆಲ್ತ್ ಕೇರ್ ಯಾಕೆ ಓದಿಸಬೇಕು? ನಮ್ಮ ಮಗಳು ಆಯಾ ಆಗಬೇಕೇನು?” ಪ್ರತಿ ವರ್ಷ ಯಾರಾದರೊಬ್ಬರು ಇದನ್ನು ಕೇಳದೆ ಇರುವುದಿಲ್ಲ. ನಾನು ತಿರುಗಿ ಒಂದೇ ಪ್ರಶ್ನೆ ಕೇಳುತ್ತೇನೆ: “ನಿಮ್ಮ ಮನೆಯಲ್ಲಿ ಹಾಸಿಗೆ ಹಿಡಿದವರು ಯಾರಾದರೂ ಇದ್ದಾರೆಯೇ? ಅವರನ್ನು ಯಾರು ನೋಡಿಕೊಳ್ಳುತ್ತಾರೆ?” ಹತ್ತರಲ್ಲಿ ಏಳೆಂಟು ಮನೆಗಳಲ್ಲಿ ಅಜ್ಜನೋ ಅಜ್ಜಿಯೋ ಇರುತ್ತಾರೆ. ನೋಡಿಕೊಳ್ಳುವವರು ಯಾರಿಂದಲೂ ಕಲಿಯದೆ, ತಿಳಿದ ಹಾಗೆ ನೋಡಿಕೊಳ್ಳುತ್ತಿರುತ್ತಾರೆ.

ನಾನು ಕೆಲವು ವರ್ಷ ವಾರ್ಡಿನಲ್ಲಿ ನರ್ಸ್ ಆಗಿದ್ದು, ಈಗ ತೀರ್ಥಹಳ್ಳಿ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಈ ವಿಷಯ ಕಲಿಸುತ್ತಿದ್ದೇನೆ. ಇದನ್ನು ಬಾಯಿಪಾಠ ಮಾಡಿ ಒಳ್ಳೆಯ ಅಂಕ ತೆಗೆದ ಮಕ್ಕಳನ್ನು ನೋಡಿದ್ದೇನೆ. ಅಂಕ ಕಡಿಮೆ ಬಂದರೂ ಮನೆಯ ಅಜ್ಜಿಯ ಬೆನ್ನಿನಲ್ಲಿ ಹುಣ್ಣಾಗದಂತೆ ನೋಡಿಕೊಂಡವರನ್ನೂ ನೋಡಿದ್ದೇನೆ. ಎರಡನೆಯವರು ಹೇಗೆ ಓದಿದರೋ ಹಾಗೆ ಓದುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಅಂಕವೂ ಬರಲಿ, ಬೇಡವೆನ್ನುವುದಿಲ್ಲ.

ಮೊದಲ ಹೆಜ್ಜೆ: ವಿಷಯ ಎಲ್ಲಿದೆ, ಏನನ್ನು ಬಿಟ್ಟು ಏನನ್ನು ಹಿಡಿಯುತ್ತೀರಿ

ಎಲ್ಲರೂ ‘ಎನ್‌ಎಸ್‌ಕ್ಯೂಎಫ್’ ಎಂದು ಕರೆಯುವ ವೃತ್ತಿ ಶಿಕ್ಷಣ ಕ್ರಮದಲ್ಲಿ ಹೆಲ್ತ್ ಕೇರ್ ಒಂದು ವಿಷಯ. ಆ ಕ್ರಮದ ಪೂರ್ಣ ಹೆಸರು ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು. ಕೇಂದ್ರ ಸರ್ಕಾರ 2013ರ ಡಿಸೆಂಬರ್‌ನಲ್ಲಿ ಇದನ್ನು ಅಧಿಸೂಚಿಸಿತು. ಶಾಲೆಗಳಲ್ಲಿ ಇದು ಸಮಗ್ರ ಶಿಕ್ಷಣ ಯೋಜನೆಯಡಿ ನಡೆಯುತ್ತದೆ. ಮಾಹಿತಿ ತಂತ್ರಜ್ಞಾನ, ರೀಟೇಲ್, ಆಟೊಮೊಬೈಲ್, ಬ್ಯೂಟಿ ಅಂಡ್ ವೆಲ್‌ನೆಸ್, ಹೆಲ್ತ್ ಕೇರ್ ಮುಂತಾದ ವಿಭಾಗಗಳಿವೆ. ಒಂದು ಶಾಲೆಯಲ್ಲಿ ಇವೆಲ್ಲವೂ ಸಿಗುವುದಿಲ್ಲ; ಸಾಮಾನ್ಯವಾಗಿ ಒಂದೆರಡು ಇರುತ್ತವೆ, ಅನೇಕ ಶಾಲೆಗಳಲ್ಲಿ ಒಂದೂ ಇರುವುದಿಲ್ಲ. ಆದ್ದರಿಂದ ಎಂಟನೇ ತರಗತಿ ಮುಗಿಯುವ ಮೊದಲೇ ಮುಖ್ಯ ಶಿಕ್ಷಕರನ್ನು ಕೇಳಿ. ಅವರಿಂದ ಸರಿಯಾದ ಉತ್ತರ ಸಿಗದಿದ್ದರೆ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಹೋಗಿ, ಯಾವ ಶಾಲೆಯಲ್ಲಿ ಯಾವ ವಿಭಾಗವಿದೆ ಎಂಬ ಪಟ್ಟಿಯನ್ನು ನೋಡಿಕೊಂಡು ಬನ್ನಿ.

ಎಸ್‌ಎಸ್‌ಎಲ್‌ಸಿ ವೇಳಾಪಟ್ಟಿಯನ್ನು ಗಮನಿಸಿದವರಿಗೆ ಗೊತ್ತಿರುತ್ತದೆ: ಈ ವಿಷಯಗಳ ಪರೀಕ್ಷೆ ತೃತೀಯ ಭಾಷೆಯ ದಿನವೇ ಇರುತ್ತದೆ. ಎಂದರೆ, ನಮ್ಮಲ್ಲಿ ಹೆಚ್ಚಿನ ಮಕ್ಕಳ ಮಟ್ಟಿಗೆ ಇದು ಹಿಂದಿಯ ಜಾಗದಲ್ಲಿ ಬರುವ ವಿಷಯ. ಹಿಂದಿ ಕಷ್ಟ ಎನ್ನುವ ಒಂದೇ ಕಾರಣಕ್ಕೆ ಇತ್ತ ಬರುವವರು ಬೇಕಾದಷ್ಟಿದ್ದಾರೆ. ಅದು ತಪ್ಪಲ್ಲ, ಆದರೆ ಅದೊಂದೇ ಕಾರಣವಾದರೆ ಎರಡನೇ ತಿಂಗಳಿಗೇ ಬೇಸರ ಬರುತ್ತದೆ. ಮುಂದೆ ಪಿಯುಸಿಯಲ್ಲಿ ಹಿಂದಿಯನ್ನು ಭಾಷೆಯಾಗಿ ತೆಗೆದುಕೊಳ್ಳುವ ಆಸೆಯಿದ್ದವರು ಈಗಲೇ ಎರಡು ಸಲ ಯೋಚಿಸಬೇಕು.

ಇನ್ನೊಂದು ಮಾತು. ಒಂಬತ್ತರಲ್ಲಿ ಆರಂಭಿಸಿದ್ದು ಹತ್ತರಲ್ಲಿ ಮುಂದುವರಿಯುತ್ತದೆ. ಎರಡರ ನಡುವೆ ಅಪ್ಪನಿಗೆ ವರ್ಗವಾಗಿ ಸಾಗರದಿಂದ ಭದ್ರಾವತಿಗೆ ಹೋಗಬೇಕಾಯಿತು ಅನ್ನಿ. ಹೊಸ ಶಾಲೆಯಲ್ಲಿ ಹೆಲ್ತ್ ಕೇರ್ ಇಲ್ಲದಿದ್ದರೆ ಮಗು ಹತ್ತನೇ ತರಗತಿಯಲ್ಲಿ ಭಾಷೆಯನ್ನು ಮೊದಲಿನಿಂದ ಹಿಡಿಯಬೇಕಾಗುತ್ತದೆ. ಅಂಥ ಸಾಧ್ಯತೆ ಇದ್ದರೆ ಸೇರುವ ಮೊದಲೇ ಶಾಲೆಯಲ್ಲಿ ಹೇಳಿ.

ಗಂಡು ಮಕ್ಕಳ ಅಪ್ಪ ಅಮ್ಮಂದಿರಿಗೆ: ಇದು ಹೆಣ್ಣು ಮಕ್ಕಳ ವಿಷಯವಲ್ಲ. ಎಪ್ಪತ್ತು ಕೆ.ಜಿ. ತೂಕದ, ಅರ್ಧಾಂಗ ಬಿದ್ದ ಅಜ್ಜನನ್ನು ಮಗ್ಗುಲು ತಿರುಗಿಸುವಾಗ, ಸ್ನಾನ ಮಾಡಿಸುವಾಗ ಯಾರು ಬೇಕು ಎಂದು ಅಂಥವರಿರುವ ಮನೆಯವರನ್ನೇ ಕೇಳಿ ನೋಡಿ.

ಎರಡನೇ ಹೆಜ್ಜೆ: ಪುಸ್ತಕವನ್ನು ಒಮ್ಮೆ ಪೂರ್ತಿ ತಿರುವಿ ಹಾಕುವುದು

ಈ ಪಠ್ಯಗಳಿಗೆ ಚೌಕಟ್ಟು ಹಾಕುವುದು ಭೋಪಾಲ್‌ನಲ್ಲಿರುವ ಎನ್‌ಸಿಇಆರ್‌ಟಿಯ ಕೇಂದ್ರೀಯ ವೃತ್ತಿ ಶಿಕ್ಷಣ ಸಂಸ್ಥೆ. ಪಠ್ಯದಲ್ಲಿ ಎರಡು ಭಾಗಗಳಿರುತ್ತವೆ. ಮೊದಲನೆಯದು ಎಲ್ಲ ವೃತ್ತಿ ವಿಷಯಗಳಿಗೂ ಸಮಾನ: ಸಂವಹನ, ಸ್ವಯಂ ನಿರ್ವಹಣೆ, ಕಂಪ್ಯೂಟರ್ ಬಳಕೆ, ಉದ್ಯಮಶೀಲತೆ, ಹಸಿರು ಕೌಶಲ. ಇದನ್ನು ಮಕ್ಕಳು ಹಗುರವಾಗಿ ತೆಗೆದುಕೊಂಡು ಪರೀಕ್ಷೆಯ ಹಿಂದಿನ ರಾತ್ರಿ ಓದುತ್ತಾರೆ. ಅಷ್ಟು ಸಾಕು ಎಂದು ನನಗೂ ಅನ್ನಿಸುತ್ತದೆ, ಸಂವಹನದ ಪಾಠವೊಂದನ್ನು ಬಿಟ್ಟು.

ಎರಡನೆಯದೇ ನಿಜವಾದ ವಿಷಯ. ಒಂಬತ್ತರಲ್ಲಿ ಆರೋಗ್ಯ ಸೇವೆಯ ವ್ಯವಸ್ಥೆ, ರೋಗಿಯ ಆರೈಕೆ ಮಾಡುವವರ ಪಾತ್ರ, ವೈಯಕ್ತಿಕ ಸ್ವಚ್ಛತೆ, ಪ್ರಾಥಮಿಕ ಆರೈಕೆ ಮತ್ತು ತುರ್ತು ನೆರವು, ಲಸಿಕೆ. ಹತ್ತರಲ್ಲಿ ಆಸ್ಪತ್ರೆಯ ರಚನೆ, ಆರೈಕೆಯ ಯೋಜನೆ, ಸೋಂಕು ನಿವಾರಣೆ, ಪ್ರಥಮ ಚಿಕಿತ್ಸೆ, ದೇಹದ ರಚನೆ ಮತ್ತು ಪೌಷ್ಟಿಕಾಂಶ. ಮೊದಲ ವಾರದಲ್ಲೇ ಪುಸ್ತಕವನ್ನು ಕಾದಂಬರಿ ಓದುವಂತೆ ಒಮ್ಮೆ ಓದಿ ಮುಗಿಸಿ. ಅರ್ಥವಾಗದ್ದನ್ನು ದಾಟಿ ಹೋಗಿ. ಮನೆಯಲ್ಲಿ ಈಗಾಗಲೇ ನಡೆಯುತ್ತಿರುವ ಸಂಗತಿ ಕಂಡಲ್ಲೆಲ್ಲ ಪೆನ್ಸಿಲ್‌ನಲ್ಲಿ ಒಂದು ಗುರುತು ಹಾಕಿ. ವರ್ಷವಿಡೀ ನಿಮ್ಮ ಅಭ್ಯಾಸ ನಡೆಯುವುದು ಆ ಗುರುತುಗಳ ಮೇಲೆ.

ಮೂರನೇ ಹೆಜ್ಜೆ: ಎರಡು ಕಾಲಂ ನೋಟ್‌ಬುಕ್

ಪುಸ್ತಕದ ಮಾತೇ ಬೇರೆ, ರೋಗಿಯ ಮಾತೇ ಬೇರೆ. ‘ಡಿಹೈಡ್ರೇಷನ್’ ಎಂದು ಯಾವ ಅಜ್ಜಿಯೂ ಹೇಳುವುದಿಲ್ಲ. “ನಾಲಿಗೆ ಅಂಟುತ್ತದೆ, ಉಚ್ಚೆ ಕಟ್ಟಿದಂತಾಗಿದೆ” ಎನ್ನುತ್ತಾರೆ. ಹಾಗಾಗಿ 200 ಪುಟದ ನೋಟ್‌ಬುಕ್ ತಂದು ಪ್ರತಿ ಪುಟದ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಪುಸ್ತಕದ ಪದ, ಬಲಕ್ಕೆ ನಿಮ್ಮ ಊರಿನವರು ಅದನ್ನು ಹೇಳುವ ರೀತಿ. ಬೆಡ್‌ಸೋರ್: ಹಾಸಿಗೆ ಹುಣ್ಣು. ಡಯೇರಿಯಾ: ಬೇಧಿ. ಅಸ್ತಮಾ: ಉಬ್ಬಸ. ಸ್ಟ್ರೋಕ್: ಲಕ್ವ, ಅರ್ಧಾಂಗ. ಫಿಟ್ಸ್: ಮೂರ್ಛೆ ರೋಗ.

ಇದರಿಂದ ಲಾಭ ಎರಡು. ಎಡಗಡೆಯ ಪದ ಪರೀಕ್ಷೆಯಲ್ಲಿ ಬರುತ್ತದೆ. ಬಲಗಡೆಯದು ಆಸ್ಪತ್ರೆಯಲ್ಲಿ ಡಾಕ್ಟರಿಗೂ ರೋಗಿಗೂ ನಡುವೆ ನಿಂತಾಗ ಬೇಕಾಗುತ್ತದೆ. ಬೇರೆ ಊರಿನಿಂದ ಬಂದ ಕಿರಿಯ ಡಾಕ್ಟರೊಬ್ಬರು “ಎದೆ ಉರಿ” ಎಂದ ಅಜ್ಜನ ಹೃದಯವನ್ನು ಪರೀಕ್ಷಿಸುತ್ತ ಕುಳಿತಾಗ, ಅಜ್ಜ ಹೇಳುತ್ತಿರುವುದು ಹುಳಿತೇಗು ಎಂದು ಬಿಡಿಸಿ ಹೇಳಿದ್ದು ಪಕ್ಕದಲ್ಲಿದ್ದ ಆಯಾ. ಇಲ್ಲಿ ಒಂದು ಎಚ್ಚರಿಕೆಯನ್ನೂ ಸೇರಿಸಬೇಕು: ಎದೆ ಉರಿ ಎಂದು ಬಂದವರಿಗೆ ನಿಜವಾಗಿಯೂ ಹೃದಯಾಘಾತವಾಗಿರುವುದೂ ಉಂಟು. ರೋಗಿ ಹೇಳಿದ ಮಾತನ್ನು ಹೇಳಿದ ಹಾಗೆಯೇ ದಾಟಿಸುವುದು ನಿಮ್ಮ ಕೆಲಸ, ರೋಗ ಯಾವುದೆಂದು ತೀರ್ಮಾನಿಸುವುದಲ್ಲ.

ನಾಲ್ಕನೇ ಹೆಜ್ಜೆ: ಕೈಗೆ ಕಲಿಸುವುದು

ಇಲ್ಲಿ ಅವಸರ ಬೇಡ. ಒಂಬತ್ತನೇ ತರಗತಿಯ ಇಡೀ ವರ್ಷವನ್ನು ಈ ನಾಲ್ಕೈದು ಕೆಲಸಕ್ಕೆ ಕೊಟ್ಟರೂ ನಷ್ಟವಿಲ್ಲ.

ಕೈ ತೊಳೆಯುವುದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ ಸಾಬೂನು ನೀರಿನಲ್ಲಿ 40ರಿಂದ 60 ಸೆಕೆಂಡ್. ಎಲ್ಲ ಮಕ್ಕಳೂ “ಗೊತ್ತು ಮೇಡಂ” ಎನ್ನುತ್ತಾರೆ. ಆಗ ನಾನು ಕೊಬ್ಬರಿ ಎಣ್ಣೆಯಲ್ಲಿ ಕುಂಕುಮ ಕಲಸಿ ಅವರ ಎರಡೂ ಕೈಗೆ ಹಚ್ಚಿಸಿ, ಈಗ ತೊಳೆದು ಬನ್ನಿ ಎನ್ನುತ್ತೇನೆ. ತೊಳೆದು ಬಂದ ಕೈಗಳಲ್ಲಿ ಕೆಂಪು ಎಲ್ಲಿ ಉಳಿದಿದೆ ನೋಡಿ: ಹೆಬ್ಬೆರಳಿನ ಸುತ್ತ, ಬೆರಳ ಸಂದಿ, ಉಗುರಿನ ತುದಿ, ಅಂಗೈಯ ಹಿಂಭಾಗ. ಪುಸ್ತಕದ ಚಿತ್ರದಲ್ಲಿರುವ ಹಂತಗಳು ಯಾಕಿವೆ ಎಂದು ಆಮೇಲೆ ವಿವರಿಸುವ ಅಗತ್ಯವೇ ಬೀಳುವುದಿಲ್ಲ. (ಅಡಿಕೆ ಸುಲಿಯುವ ಕಾಲದಲ್ಲಿ ನಮ್ಮ ಮಕ್ಕಳ ಕೈ ಚೊಗರಿನಿಂದ ಕಪ್ಪಾಗಿರುತ್ತದೆ. ಅದು ಕೊಳೆಯಲ್ಲ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಹೊರಗಿನ ಪರೀಕ್ಷಕರು ಕೇಳಿದರೆ ಹೆದರದೆ ಹಾಗೆಂದೇ ಹೇಳಿ.)

ನಾಡಿ ನೋಡುವುದು. ಮಣಿಕಟ್ಟಿನ ಒಳಬದಿಯಲ್ಲಿ, ಹೆಬ್ಬೆರಳಿನ ಬುಡದ ಕಡೆಗೆ, ತೋರುಬೆರಳು ಮತ್ತು ನಡುಬೆರಳನ್ನು ಮೆಲ್ಲಗೆ ಇಡಿ. ಪೂರ್ತಿ ಒಂದು ನಿಮಿಷ ಎಣಿಸಿ. ವಯಸ್ಕರಲ್ಲಿ ವಿಶ್ರಾಂತಿಯಲ್ಲಿದ್ದಾಗ 60ರಿಂದ 100ರ ನಡುವೆ ಇರಬೇಕು. ಒಮ್ಮೆ ಒಬ್ಬ ಹುಡುಗ ತನ್ನ ಅಜ್ಜನ ನಾಡಿ 104 ಎಂದು ಬರೆದುಕೊಂಡು ಬಂದ. ಮನೆಯವರು ಗಾಬರಿಯಾಗಿ ಪೇಟೆಗೆ ಕರೆದೊಯ್ಯುವ ಮಾತಾಡಿದ್ದರಂತೆ. ಹೇಗೆ ನೋಡಿದೆ, ತೋರಿಸು ಎಂದೆ. ನನ್ನ ಕೈ ಹಿಡಿದು ಹೆಬ್ಬೆರಳು ಒತ್ತಿದ. ಹೆಬ್ಬೆರಳಿನಲ್ಲಿ ನಮ್ಮದೇ ನಾಡಿ ಬಲವಾಗಿ ಬಡಿಯುತ್ತದೆ. ಬಸ್ ಇಳಿದು ಗುಡ್ಡ ಹತ್ತಿ ಓಡಿ ಹೋದವನು ಎಣಿಸಿದ್ದು ಅಜ್ಜನದನ್ನಲ್ಲ, ತನ್ನದನ್ನು. ಮರುದಿನ ಬೆಳಿಗ್ಗೆ ಸರಿಯಾಗಿ ನೋಡಿದಾಗ 68. ಆ ಎರಡೂ ಸಂಖ್ಯೆಗಳನ್ನು ಅವನ ಪುಸ್ತಕದಲ್ಲಿ ಹಾಗೆಯೇ ಉಳಿಸಲು ಹೇಳಿದೆ. ತಪ್ಪಿನ ಪಕ್ಕದಲ್ಲಿ ಕಾರಣ ಬರೆದ ಪುಟ ಪರೀಕ್ಷಕರಿಗೆ ಬಹಳ ಹಿಡಿಸಿತು.

ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದು ಎಲ್ಲರೂ ಮಾಡುವ ಸುಲಭ ಉಪಾಯ. ಕಲಿಯುವಾಗ ಬೇಡ. ಬಡಿತ ತಪ್ಪುವ ನಾಡಿ ಹದಿನೈದು ಸೆಕೆಂಡಿನಲ್ಲಿ ಕೈಗೆ ಸಿಗದೆ ಹೋಗಬಹುದು.

ಹಾಸಿಗೆ ಹಿಡಿದವರ ಆರೈಕೆ. ನನ್ನ ಲೆಕ್ಕದಲ್ಲಿ ಇಡೀ ವಿಷಯದ ಪ್ರಾಣ ಇದು. ತಾನಾಗಿ ಹೊರಳಲಾರದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಮೂಳೆ ಚರ್ಮಕ್ಕೆ ಹತ್ತಿರವಿರುವ ಜಾಗಗಳನ್ನು ದಿನವೂ ನೋಡಬೇಕು: ಬೆನ್ನಿನ ಕೆಳತುದಿ, ಸೊಂಟದ ಎರಡು ಪಕ್ಕ, ಹಿಮ್ಮಡಿ, ಭುಜದ ಎಲುಬು, ತಲೆಯ ಹಿಂಭಾಗ. ಕೆಂಪು ಕಂಡರೆ ಬೆರಳಿನಿಂದ ಮೆಲ್ಲಗೆ ಒತ್ತಿ ಬಿಡಿ. ಒತ್ತಿದಾಗ ಬಿಳಿಚಿ ಮತ್ತೆ ಕೆಂಪಾದರೆ ಸಮಯ ಇನ್ನೂ ಮೀರಿಲ್ಲ. ಒತ್ತಿದರೂ ಕೆಂಪಾಗಿಯೇ ಉಳಿದರೆ ಹುಣ್ಣು ಒಳಗೆ ಆರಂಭವಾಗಿದೆ ಎಂದು ತಿಳಿಯಿರಿ. ಆ ಜಾಗದ ಮೇಲೆ ಭಾರ ಬೀಳದಂತೆ ಮಲಗಿಸಿ, ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಅಲ್ಲಿ ಎಣ್ಣೆ ಹಚ್ಚಿ ತಿಕ್ಕುವುದು ನಮ್ಮ ಕಡೆಯ ರೂಢಿ. ತಿಕ್ಕಬೇಡಿ, ಒಳಗಿನ ಮಾಂಸಕ್ಕೆ ಮತ್ತಷ್ಟು ಪೆಟ್ಟಾಗುತ್ತದೆ.

ಮೇಲಕ್ಕೆ ಸರಿಸುವಾಗ ಕಂಕುಳಲ್ಲಿ ಕೈ ಹಾಕಿ ಎಳೆಯುವುದು ಇನ್ನೊಂದು ತಪ್ಪು. ಚರ್ಮ ಹಾಸಿಗೆಗೆ ಅಂಟಿಕೊಂಡಿರುತ್ತದೆ, ದೇಹ ಮಾತ್ರ ಮೇಲೆ ಹೋಗುತ್ತದೆ. ಹುಣ್ಣು ಹುಟ್ಟುವುದು ಹೀಗೆ. ಹಳೆಯ ಹತ್ತಿ ಪಂಚೆಯೊಂದನ್ನು ನಾಲ್ಕು ಮಡಿಕೆ ಮಾಡಿ ಭುಜದಿಂದ ತೊಡೆಯವರೆಗೆ ಅಡ್ಡಲಾಗಿ ಹಾಸಿ. ಇಬ್ಬರು ಎರಡು ಕಡೆ ನಿಂತು ಪಂಚೆಯ ಅಂಚನ್ನು ಸುರುಳಿ ಸುತ್ತಿ ಹಿಡಿದು, ಒಂದು ಎರಡು ಮೂರು ಎಂದು ಹೇಳಿ ಒಟ್ಟಿಗೆ ಎತ್ತಿ ಸರಿಸಿ. ಶಾಲೆಯಲ್ಲಿ ಇದನ್ನು ಬೆಂಚಿನ ಮೇಲೆ ಗೆಳೆಯರನ್ನೇ ಮಲಗಿಸಿ ಕಲಿಯಬಹುದು. ಮಲಗಿದವರೂ ಒಂದು ಪಾಠ ಕಲಿಯುತ್ತಾರೆ: ಹೇಳದೆ ಕೇಳದೆ ಎತ್ತಿದರೆ ಎಷ್ಟು ಹೆದರಿಕೆಯಾಗುತ್ತದೆ ಎಂಬುದು.

ಪುಸ್ತಕದಲ್ಲಿ ‘ಹಾಸಿಗೆ ಒಣಗಿರಬೇಕು’ ಎಂದು ಒಂದೇ ಸಾಲು ಇರುತ್ತದೆ. ಪುಸ್ತಕ ಬರೆದವರು ಆಗುಂಬೆಯ ಆಷಾಢವನ್ನು ನೋಡಿಲ್ಲ. ನಾಲ್ಕು ದಿನವಾದರೂ ಒಂದು ಬಟ್ಟೆ ಒಣಗದ ಮನೆಗಳಲ್ಲಿ ಏನು ಮಾಡುವುದು? ನಮ್ಮ ಮಕ್ಕಳು ಕಂಡುಕೊಂಡ ದಾರಿಗಳು ಹೀಗಿವೆ: ದಪ್ಪ ಬೆಡ್‌ಶೀಟ್ ಬಿಟ್ಟು ತೆಳು ಹತ್ತಿ ಸೀರೆಯ ತುಂಡುಗಳನ್ನು ಬಳಸುವುದು; ಕನಿಷ್ಠ ಎಂಟು ತುಂಡು ಇಟ್ಟುಕೊಳ್ಳುವುದು; ಬಚ್ಚಲ ಒಲೆಯ ಮೇಲೆ ಹೊಗೆ ತಾಗದಷ್ಟು ದೂರದಲ್ಲಿ ಹಗ್ಗ ಕಟ್ಟಿ ಒಣಗಿಸುವುದು; ಬೆಚ್ಚಗಿದ್ದ ಮಾತ್ರಕ್ಕೆ ಒಣಗಿದೆ ಎಂದು ತಿಳಿಯದೆ ಕೆನ್ನೆಗೆ ಒತ್ತಿ ನೋಡುವುದು. ಈ ಪಟ್ಟಿಯನ್ನು ಪರೀಕ್ಷೆಯಲ್ಲಿ ಬರೆದರೆ ಅಂಕ ಕೊಡುತ್ತಾರೋ ಇಲ್ಲವೋ, ಮನೆಯಲ್ಲಿ ಉಪಯೋಗಕ್ಕೆ ಬಂದಿದೆ.

ಓಆರ್‌ಎಸ್ ಕಲಸುವುದು. ಬೇಧಿಯಾದವರಿಗೆ ಕುಡಿಸುವ ಉಪ್ಪು-ಸಕ್ಕರೆಯ ನೀರು ಇದು. ದೊಡ್ಡ ಪೊಟ್ಟಣಕ್ಕೆ ಒಂದು ಲೀಟರ್ ಕುಡಿಯುವ ನೀರು. ಅಷ್ಟೇ, ಆದರೆ ತಪ್ಪುವುದು ಇಲ್ಲಿಯೇ. ಪೊಟ್ಟಣವನ್ನು ಸ್ವಲ್ಪ ಸ್ವಲ್ಪವಾಗಿ ಲೋಟಕ್ಕೆ ಹಾಕಿ ಕುಡಿಸುವವರೇ ಹೆಚ್ಚು. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ಒಂದು ಲೀಟರ್ ಬಾಟಲಿ ತೆಗೆದುಕೊಂಡು ನಿಮ್ಮ ಮನೆಯ ಸ್ಟೀಲ್ ಲೋಟದಲ್ಲಿ ಅಳೆಯಿರಿ. ಎಷ್ಟು ಲೋಟವಾಯಿತೆಂದು ಅಡುಗೆಮನೆ ಗೋಡೆಯ ಮೇಲೆ ಬರೆದಿಡಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಚಿಕ್ಕ ಚಮಚದಲ್ಲಿ ಸಮತಟ್ಟಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಕಲಸಿದ್ದನ್ನು 24 ಗಂಟೆಯೊಳಗೆ ಮುಗಿಸಬೇಕು, ಉಳಿದರೆ ಚೆಲ್ಲಬೇಕು.

ಎದೆ ಒತ್ತುವ ತುರ್ತು ಕ್ರಮವನ್ನು, ಎಂದರೆ ಸಿಪಿಆರ್ ಅನ್ನು, ಬೊಂಬೆಯ ಮೇಲೆ ಮಾತ್ರ ಅಭ್ಯಾಸ ಮಾಡಿ. ನಿಮಿಷಕ್ಕೆ 100ರಿಂದ 120 ಸಲ, ವಯಸ್ಕರಲ್ಲಿ 5ರಿಂದ 6 ಸೆಂ.ಮೀ. ಆಳ, 30 ಒತ್ತಿಗೆ 2 ಉಸಿರು. ಬೊಂಬೆ ಇಲ್ಲದಿದ್ದರೆ ಬಿಗಿಯಾಗಿ ಕಟ್ಟಿದ ಹಾಸಿಗೆ ಸುರುಳಿಯೂ ಆಗುತ್ತದೆ. ಆಟಕ್ಕೆಂದು ಗೆಳೆಯನ ಎದೆಯ ಮೇಲೆ ಎಂದಿಗೂ ಮಾಡಬೇಡಿ.

ಐದನೇ ಹೆಜ್ಜೆ: ಪುಸ್ತಕದಲ್ಲಿಲ್ಲದ ಮಲೆನಾಡಿನ ಅಧ್ಯಾಯ

ದೇಶಕ್ಕೆಲ್ಲ ಒಂದೇ ಚೌಕಟ್ಟಿನ ಪುಸ್ತಕ. ನಮ್ಮ ಕಾಡಿನ ಕಾಯಿಲೆಗೆ ಅದರಲ್ಲಿ ಜಾಗ ಸಿಕ್ಕಿಲ್ಲ. ಪ್ರಾಜೆಕ್ಟ್ ಬರೆಯಲು ವಿಷಯ ಹುಡುಕುವವರಿಗೆ ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ.

ಮಂಗನ ಕಾಯಿಲೆ ಜಗತ್ತಿಗೆ ಗೊತ್ತಾಗಿದ್ದೇ ನಮ್ಮ ಜಿಲ್ಲೆಯಿಂದ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಸುತ್ತಲಿನ ಜನರಿಗೆ ಜ್ವರ ಬಂದಾಗ ವೈರಾಣು ಪತ್ತೆಯಾಯಿತು; ಆ ಕಾಡಿನಿಂದಲೇ ಕಾಯಿಲೆಗೆ ಇಂಗ್ಲಿಷಿನಲ್ಲಿ ‘ಕ್ಯಾಸನೂರು ಫಾರೆಸ್ಟ್ ಡಿಸೀಸ್’ ಎಂಬ ಹೆಸರು ಬಂತು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಮತ್ತೆ ಜೋರಾಗಿ ಕಾಣಿಸಿಕೊಂಡಿತು. ಹರಡುವುದು ಉಣುಗು ಎಂಬ ರಕ್ತ ಹೀರುವ ಹುಳದಿಂದ. ಮಳೆಗಾಲ ಮುಗಿದು ಕಾಡು ಒಣಗಿದ ಮೇಲೆ, ಸಾಮಾನ್ಯವಾಗಿ ಡಿಸೆಂಬರ್‌ನಿಂದ ಮೇವರೆಗೆ, ದರಗು (ಒಣ ಎಲೆ) ಗುಡಿಸಲು, ಸೌದೆ ತರಲು, ದನ ಮೇಯಿಸಲು ಹೋದವರಿಗೆ ಅಂಟುತ್ತದೆ. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಹಾಗಾಗಿ ರೋಗಿಯನ್ನು ದೂರ ಇಡುವ ಅಗತ್ಯವಿಲ್ಲ. ಇದನ್ನು ಊರಿನಲ್ಲಿ ಬಾಯಿಬಿಟ್ಟು ಹೇಳುವುದೇ ಒಂದು ಸೇವೆ.

ವಿದ್ಯಾರ್ಥಿ ಮಾಡಬಹುದಾದದ್ದು: ಕಾಡಿಗೆ ಹೋಗುವ ಮನೆಯವರಿಗೆ ಮೈ ಮುಚ್ಚುವ ಬಟ್ಟೆ, ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಹಂಚುವ ಡೇಪಾ ಎಣ್ಣೆ ಹಚ್ಚಿಕೊಳ್ಳಲು ನೆನಪಿಸುವುದು, ಬಂದ ಮೇಲೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸಾಬೂನು ಹಚ್ಚಿ ಸ್ನಾನ ಮಾಡಿಸುವುದು, ಸತ್ತ ಮಂಗ ಕಂಡರೆ ಮುಟ್ಟದೆ ಆಶಾ ಕಾರ್ಯಕರ್ತೆಗೆ ಅಥವಾ ಆರೋಗ್ಯ ಕೇಂದ್ರಕ್ಕೆ ತಿಳಿಸುವುದು, ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ‘ಕಾಡಿಗೆ ಹೋಗಿದ್ದರು’ ಎಂಬ ಮಾತನ್ನು ಡಾಕ್ಟರಿಗೆ ಮೊದಲು ಹೇಳುವುದು. ಕಷಾಯ ಕುಡಿಸಿ ಮೂರು ದಿನ ಕಾಯುವ ಅಭ್ಯಾಸ ನಮ್ಮಲ್ಲಿದೆ. ಈ ತಿಂಗಳುಗಳಲ್ಲಿ ಕಾಯಬೇಡಿ.

ಹಾವು ಕಡಿತ. ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಚೀಪಬೇಡಿ. ಉಂಗುರ, ಬಳೆ, ಕಾಲುಂಗುರ ತೆಗೆಯಿರಿ, ಏಕೆಂದರೆ ಊತ ಬರುತ್ತದೆ. ಮುರಿದ ಕೈಕಾಲಿಗೆ ಕಟ್ಟುವಂತೆ ಕೋಲು ಇಟ್ಟು ಅಲುಗದಂತೆ ಮಾಡಿ, ನಡೆಸದೆ ಆಸ್ಪತ್ರೆಗೆ ಒಯ್ಯಿರಿ. ಕಡಿದ ಸಮಯವನ್ನು ಬರೆದುಕೊಳ್ಳಿ. ಹಾವನ್ನು ಹೊಡೆದು ತರಲು ಹೋಗಿ ಇನ್ನೊಬ್ಬರು ಕಚ್ಚಿಸಿಕೊಳ್ಳುವುದು ಬೇಡ. ನಮ್ಮ ದೇಶದಲ್ಲಿ ಕೊಡುವ ವಿಷನಿರೋಧಕ ಔಷಧಿ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ತಯಾರಾದದ್ದು. ಮಲೆನಾಡಿನ ತೋಟಗಳಲ್ಲಿ ಕಚ್ಚುವ ಎಲ್ಲ ಮಂಡಲಗಳಿಗೂ ಅದು ನಾಟುವುದಿಲ್ಲ. ಆದರೂ ರಕ್ತ ಹೆಪ್ಪುಗಟ್ಟುತ್ತಿದೆಯೇ, ಮೂತ್ರಪಿಂಡ ಸರಿಯಿದೆಯೇ ಎಂದು ನೋಡಲು ಆಸ್ಪತ್ರೆಯೇ ಬೇಕು. ನಾಟಿ ಮದ್ದಿನವರ ಮನೆ ಹತ್ತಿರವಿದೆ ಎಂಬ ವಾದ ಎಲ್ಲ ಕಡೆಯೂ ಬರುತ್ತದೆ. ಜಗಳವಾಡಬೇಡಿ. “ಮೊದಲು ಆಸ್ಪತ್ರೆ, ಆಮೇಲೆ ಅವರನ್ನೂ ನೋಡೋಣ” ಎಂದು ಹೇಳಿ ಗಾಡಿ ಹತ್ತಿಸಿ. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದೆ.

ಅಡಿಕೆ ಮರದಿಂದ ಬಿದ್ದವರು. ಅಡಿಕೆ ಕೊನೆ (ಗೊಂಚಲು) ತೆಗೆಯುವಾಗ, ಔಷಧಿ ಹೊಡೆಯುವಾಗ ಪ್ರತಿ ವರ್ಷ ಬೀಳುತ್ತಾರೆ. ಓಡಿ ಹೋದವರು ಮೊದಲು ಮಾಡುವ ಕೆಲಸ ಕೈಕಾಲು ಹಿಡಿದು ಎತ್ತಿ ಕೂರಿಸಿ ನೀರು ಕುಡಿಸುವುದು. ಬೆನ್ನುಮೂಳೆ ಮುರಿದಿದ್ದರೆ ಆ ಒಂದು ಎತ್ತಿನಲ್ಲೇ ಜೀವನಪೂರ್ತಿ ಕಾಲು ಹೋಗಬಹುದು. ತಲೆಯನ್ನು ಎರಡೂ ಕಡೆ ಹಿಡಿದು ಅಲುಗಿಸದೆ ಕೂರಿ, 108ಕ್ಕೆ ಕರೆ ಮಾಡಿಸಿ. ನೆಟ್‌ವರ್ಕ್ ಯಾವ ಗುಡ್ಡದ ಮೇಲೆ ಸಿಗುತ್ತದೆ ಎಂದು ಮೊದಲೇ ಗೊತ್ತಿರಬೇಕು. ನಿಮ್ಮ ಊರಿನ ಆ ಜಾಗವನ್ನು ಪ್ರಾಜೆಕ್ಟಿನ ನಕ್ಷೆಯಲ್ಲಿ ಗುರುತಿಸಿ. ಆಂಬುಲೆನ್ಸ್ ತೋಟದವರೆಗೆ ಬರಲಾರದು ಎಂದಾದರೆ ಕಂಬಳಿಯಲ್ಲಿ ಅಲ್ಲ, ಬಾಗಿಲಿನ ಹಲಗೆಯ ಮೇಲೆ ಮಲಗಿಸಿ. ತಲೆ, ಕುತ್ತಿಗೆ, ಸೊಂಟ ಒಂದೇ ನೇರದಲ್ಲಿರುವಂತೆ ನಾಲ್ಕೈದು ಜನ ಒಟ್ಟಿಗೆ ಹೊರಳಿಸಬೇಕು.

ಆರನೇ ಹೆಜ್ಜೆ: ಊರಿನ ಆರೋಗ್ಯ ನಕ್ಷೆ

ಆರೋಗ್ಯ ವ್ಯವಸ್ಥೆಯ ಪಾಠವನ್ನು ಓದುವುದಕ್ಕಿಂತ ನಡೆದು ಕಲಿಯುವುದು ಸುಲಭ. ಗುಡ್ಡಗಾಡು ಪ್ರದೇಶದಲ್ಲಿ 3,000 ಜನಕ್ಕೆ ಒಂದು ಉಪಕೇಂದ್ರ, 20,000ಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 80,000ಕ್ಕೆ ಒಂದು ಸಮುದಾಯ ಆರೋಗ್ಯ ಕೇಂದ್ರ ಎಂಬುದು ನಿಯಮ; ಬಯಲಿನಲ್ಲಿ ಇವೇ 5,000, 30,000 ಮತ್ತು 1,20,000. ಆಮೇಲೆ ತಾಲ್ಲೂಕು ಆಸ್ಪತ್ರೆ, ಕೊನೆಗೆ ಶಿವಮೊಗ್ಗದ ಮೆಗ್ಗಾನ್ ಬೋಧನಾ ಆಸ್ಪತ್ರೆ. ನಿಮ್ಮ ಮನೆಯಿಂದ ಪ್ರತಿಯೊಂದಕ್ಕೂ ಎಷ್ಟು ಕಿಲೋಮೀಟರ್, ಯಾವ ಬಸ್, ಮಳೆಗಾಲದಲ್ಲಿ ಯಾವ ಸಂಕ (ಕಾಲುಸೇತುವೆ) ಮುಳುಗುತ್ತದೆ ಎಂದು ಬರೆಯಿರಿ.

ಪಕ್ಕದ ಮನೆಯ ಮಗುವಿನ ಲಸಿಕೆಯ ವಿವರವಿರುವ ‘ತಾಯಿ ಕಾರ್ಡ್’ ಅನ್ನು ಕೇಳಿ ಪಡೆದು ನೋಡಿ. ಹುಟ್ಟಿದಾಗ ಬಿಸಿಜಿ, ಪೋಲಿಯೊ, ಹೆಪಟೈಟಿಸ್ ಬಿ. 6, 10, 14ನೇ ವಾರಗಳಲ್ಲಿ ಪೆಂಟಾವೇಲೆಂಟ್. 9 ತಿಂಗಳು ತುಂಬಿದಾಗ ದಡಾರ–ರುಬೆಲ್ಲಾ. ಪುಸ್ತಕದ ಕೋಷ್ಟಕವನ್ನು ಹತ್ತು ಸಲ ಓದುವುದಕ್ಕಿಂತ, ಒಂದು ನಿಜವಾದ ಮಗುವಿನ ಕಾರ್ಡಿನಲ್ಲಿ ಯಾವ ಚೌಕ ಖಾಲಿ ಇದೆ ಎಂದು ಹುಡುಕಿದರೆ ಮರೆಯುವುದಿಲ್ಲ.

ಆರೈಕೆ ಎಂದರೆ ಮಾತ್ರೆ, ಬ್ಯಾಂಡೇಜ್ ಮಾತ್ರವಲ್ಲ. ಒಂಟಿ ಅಜ್ಜಿಗೆ ಪಿಂಚಣಿ ಬರುತ್ತಿದೆಯೇ, ಅಂಗವಿಕಲ ಮಗುವಿಗೆ ಯುಡಿಐಡಿ ಎಂಬ ಗುರುತಿನ ಕಾರ್ಡ್ ಆಗಿದೆಯೇ ಎಂದು ಕೇಳುವುದೂ ಇದರಲ್ಲಿ ಬರುತ್ತದೆ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಈ ಸಂಖ್ಯೆಗಳಿರಲಿ: ತುರ್ತು ಆಂಬುಲೆನ್ಸ್ 108, ಆರೋಗ್ಯ ಸಲಹೆ 104, ಮಕ್ಕಳ ಸಹಾಯವಾಣಿ 1098, ಹಿರಿಯರ ಸಹಾಯವಾಣಿ 14567, ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416.

ಏಳನೇ ಹೆಜ್ಜೆ: ಆಸ್ಪತ್ರೆ ಭೇಟಿ

ಮೊಬೈಲ್ ಹೊರಗೆ. ಇದರಲ್ಲಿ ಚರ್ಚೆಯಿಲ್ಲ. ಒಂದು ವರ್ಷ ನಮ್ಮ ತಂಡದ ಹುಡುಗಿಯೊಬ್ಬಳು ವಾರ್ಡಿನಲ್ಲಿ ಫೋಟೊ ತೆಗೆದು ಸ್ಟೇಟಸ್‌ಗೆ ಹಾಕಿದಳು. ಹಿಂದೆ ಹಾಸಿಗೆಯಲ್ಲಿದ್ದವರು ಅವಳ ಊರಿನವರೇ. ಅವರಿಗೆ ಕಾಯಿಲೆ ಇರುವುದು ಮನೆಯ ಹೊರಗೆ ಯಾರಿಗೂ ಗೊತ್ತಿರಲಿಲ್ಲ. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಆ ಮನೆಗೆ ಹೋಗಿ ಕ್ಷಮೆ ಕೇಳಿದ್ದು ನಾನು ಮತ್ತು ಅವಳ ಅಮ್ಮ. ಅವರು ಕಾಫಿ ಕೊಟ್ಟರು, ಮಾತನಾಡಲಿಲ್ಲ. ಅಂದು ಮೊದಲೇ ಎಚ್ಚರಿಸದೆ ಇದ್ದದ್ದು ನನ್ನ ತಪ್ಪು.

ಒಳಗೆ ಹೋದ ಮೇಲೆ ನೋಡಬೇಕಾದ್ದು ಕಸದ ಬುಟ್ಟಿಗಳನ್ನು. ನಗಬೇಡಿ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ರಕ್ತ ತಾಗಿದ ಹತ್ತಿ, ಬ್ಯಾಂಡೇಜ್ ಹಳದಿಗೆ. ಡ್ರಿಪ್ ಕೊಳವೆ, ಕೈಗವಸಿನಂಥವು ಕೆಂಪಿಗೆ. ಸೂಜಿ, ಬ್ಲೇಡ್ ತೂತು ಬೀಳದ ಬಿಳಿ ಡಬ್ಬಕ್ಕೆ. ಔಷಧಿಯ ಗಾಜಿನ ಸೀಸೆಗಳು ನೀಲಿಗೆ. ಆಸ್ಪತ್ರೆ ಹೇಗೆ ನಡೆಯುತ್ತಿದೆ ಎಂಬುದನ್ನು ಗೋಡೆಯ ಬಣ್ಣಕ್ಕಿಂತ ಈ ಬುಟ್ಟಿಗಳು ಚೆನ್ನಾಗಿ ಹೇಳುತ್ತವೆ.

ಎಂಟನೇ ಹೆಜ್ಜೆ: ಪರೀಕ್ಷೆ

ಲಿಖಿತ ಪರೀಕ್ಷೆಗೆ ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸಿದರೆ ಸಾಕು. ಹಂತಗಳನ್ನು ಕೇಳಿದಾಗ ಕ್ರಮ ತಪ್ಪದೆ ಬರೆಯಿರಿ. ‘ಕೈ ತೊಳೆಯುವುದು’ ಎಂಬುದು ಯಾವ ಆರೈಕೆಯ ಉತ್ತರಕ್ಕೂ ಮೊದಲ ಹಂತ, ಕೊನೆಯ ಹಂತವೂ ಅದೇ. ಅರ್ಧದಷ್ಟು ಮಕ್ಕಳು ಕೊನೆಯದನ್ನು ಮರೆಯುತ್ತಾರೆ.

ಪ್ರಾಯೋಗಿಕದಲ್ಲಿ ಹೊರಗಿನಿಂದ ಬಂದ ಮೌಲ್ಯಮಾಪಕರ ಎದುರು ಕೈ ನಡುಗುತ್ತದೆ. ಅದಕ್ಕೊಂದು ಮದ್ದಿದೆ: ಅವರನ್ನು ಮರೆತು ರೋಗಿಯಾಗಿ ಕುಳಿತವರೊಡನೆ ಮಾತನಾಡಿ. “ಅಜ್ಜಿ, ನಾಡಿ ನೋಡಲು ಕೈ ಹಿಡಿಯುತ್ತೇನೆ, ಆಗಬಹುದೇ?” ಎಂದು ಕೇಳಿ, ಅವರು ಹೂಂ ಎಂದ ಮೇಲೆಯೇ ಮುಟ್ಟಿ. ಒಪ್ಪಿಗೆ ಕೇಳುವುದು, ಏನು ಮಾಡುತ್ತೇನೆಂದು ಹೇಳುವುದು, ಪರದೆ ಎಳೆಯುವುದು: ಈ ಮೂರಕ್ಕೆ ಮೌಲ್ಯಮಾಪಕರ ಮುಖ ಅರಳುವುದನ್ನು ನಾನು ಪಕ್ಕದಲ್ಲಿ ನಿಂತು ನೋಡಿದ್ದೇನೆ.

ಒಂಬತ್ತನೇ ಹೆಜ್ಜೆ: ಎಸ್‌ಎಸ್‌ಎಲ್‌ಸಿ ಆದ ಮೇಲೆ

ಕೆಲವು ಸರ್ಕಾರಿ ಪಿಯು ಕಾಲೇಜುಗಳಲ್ಲಿ ಹೆಲ್ತ್ ಕೇರ್ ಮುಂದುವರಿಯುತ್ತದೆ. ಆಸ್ಪತ್ರೆಯ ಸಹಾಯಕ ಹುದ್ದೆಗೆ ‘ಜನರಲ್ ಡ್ಯೂಟಿ ಅಸಿಸ್ಟೆಂಟ್’ ಎನ್ನುತ್ತಾರೆ. ಪಿಯು ಹಂತದ ತರಬೇತಿ ಅದಕ್ಕೆ ಹೊಂದುವಂಥದ್ದು. ನರ್ಸಿಂಗ್ ಬೇಕೆಂದವರಿಗೆ ಪಿಯುಸಿ ಆಗಲೇಬೇಕು: ಎಎನ್‌ಎಂ (ಸಹಾಯಕ ನರ್ಸ್ ತರಬೇತಿ) 2 ವರ್ಷ, ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) 3 ವರ್ಷ, ಬಿ.ಎಸ್‌ಸಿ. ನರ್ಸಿಂಗ್ 4 ವರ್ಷ. ಬಿ.ಎಸ್‌ಸಿ.ಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಬೇಕು. ಮೊದಲ ಎರಡಕ್ಕೆ ಕಲಾ ವಿಭಾಗದವರೂ ಅರ್ಹರು. ವಿಜ್ಞಾನ ಒಗ್ಗದ ಮಗುವನ್ನು ನರ್ಸಿಂಗ್ ಹೆಸರು ಹೇಳಿ ವಿಜ್ಞಾನಕ್ಕೆ ತಳ್ಳಿ ಎರಡು ವರ್ಷ ಹಾಳು ಮಾಡಬೇಡಿ. ಜಿಎನ್‌ಎಂ ಮುಗಿಸಿ, ಕೆಲಸ ಮಾಡುತ್ತಲೇ ಮುಂದೆ ಓದಿದವರು ನನ್ನ ಜೊತೆಯಲ್ಲೇ ಇದ್ದರು.

“ಆರು ತಿಂಗಳಲ್ಲಿ ನರ್ಸ್” ಎಂಬ ಬೋರ್ಡ್ ಕಂಡರೆ ಆ ಕಡೆ ತಿರುಗಿಯೂ ನೋಡಬೇಡಿ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಅಂಥದ್ದೊಂದಕ್ಕೆ ಅಡಿಕೆ ಮಾರಿದ ಹಣ ಕಟ್ಟಿದಳು. ಕೊನೆಗೆ ಸಿಕ್ಕ ಪ್ರಮಾಣಪತ್ರ ನೋಂದಣಿಗೆ ಬರಲಿಲ್ಲ. ಹಣ ಕಟ್ಟುವ ಮೊದಲು ಆ ಸಂಸ್ಥೆ ಭಾರತೀಯ ನರ್ಸಿಂಗ್ ಪರಿಷತ್ತು ಮತ್ತು ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತಿನ ಪಟ್ಟಿಯಲ್ಲಿದೆಯೇ ಎಂದು ನೋಡಿ. ಲ್ಯಾಬ್, ಎಕ್ಸ್‌ರೇ ಮುಂತಾದ ಡಿಪ್ಲೊಮಾಗಳಿಗೆ ಕರ್ನಾಟಕ ಪ್ಯಾರಾಮೆಡಿಕಲ್ ಮಂಡಳಿಯ ಮಾನ್ಯತೆ ಕೇಳಿ.

ಕಡೆಯದಾಗಿ ಕಾಗದಪತ್ರ. ಎನ್‌ಎಸ್‌ಕ್ಯೂಎಫ್ ಪ್ರಮಾಣಪತ್ರದಲ್ಲಿರುವ ಹೆಸರು, ಅಂಕಪಟ್ಟಿಯಲ್ಲಿರುವುದು, ಆಧಾರ್‌ನಲ್ಲಿರುವುದು ಅಕ್ಷರಕ್ಕಕ್ಷರ ಒಂದೇ ಇರಬೇಕು. ಇನಿಷಿಯಲ್ ಹಿಂದೆ ಮುಂದೆ ಆಗಿದ್ದರೆ ಶಾಲೆ ಬಿಡುವ ಮೊದಲೇ ತಿದ್ದಿಸಿ. ಮೂಲ ಪ್ರತಿಗಳನ್ನು ಅಟ್ಟದ ಮೇಲಿನ ಟ್ರಂಕಿನಲ್ಲಿಟ್ಟರೆ ಎರಡು ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಅಡುಗೆಮನೆಗೆ ತಾಗಿದ ಒಣ ಗೋಡೆಯ ಕಪಾಟಿನಲ್ಲಿಡಿ.